ದೊಡ್ಡ ಫ್ಯಾನ್ ಹಾಕಿ ಮೋಟಾರು ಸುಟ್ಟ ಕತೆ

ಈ ಬೇಸಿಗೆ ರಜೆಯಲ್ಲಿ ನಮ್ಮ ಚರ್ಚಿನ ಯುವಜನರು ವಿಮಾನ ಮಾಡಲು ಹೊರಟದ್ದು ನಿಮಗೆಲ್ಲ ಗೊತ್ತು. ಸುಟ್ಟ ಮೋಟಾರಿನ ಸುದ್ದಿ ಮಾತ್ರ ನಾವು ಯಾರಿಗೂ ಹೇಳಿರಲಿಲ್ಲ.

ಮೋಟಾರು ನಮ್ಮದಲ್ಲ, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನದು. ಗಲ್ಫಿನಲ್ಲಿರುವ ಅವನ ಅಣ್ಣ ಕಳಿಸಿದ್ದು. ಥರ್ಮೋಕೋಲಿನ ರೆಕ್ಕೆ, ಬಿದಿರಿನ ಕಡ್ಡಿ, ಟೇಪು ಎಲ್ಲ ಸಿದ್ಧವಾದ ಮೇಲೆ ಯಾವ ಪ್ರೊಪೆಲ್ಲರ್ ಹಾಕುವುದೆಂಬ ಪ್ರಶ್ನೆ ಬಂತು. ಅವನು 10×4.5 ಸಾಕು ಅಂದ. ನಾವು ಬಿಎಸ್ಸಿ ಓದಿದವರು, ಕೇಳುತ್ತೇವೆಯೇ? ದೊಡ್ಡದಾದರೆ ಎಳೆತ ಹೆಚ್ಚು ಎಂದು 11×7 ಹಾಕಿದೆವು. ಒಂದೇ ನಿಮಿಷದಲ್ಲಿ ವಾರ್ನಿಶ್ ಸುಟ್ಟ ವಾಸನೆ. ತಾಮ್ರದ ಸುರುಳಿ ಕರ್ರಗಾಗಿತ್ತು. ಹುಡುಗ ಏನೂ ಹೇಳಲಿಲ್ಲ, ಮೋಟಾರನ್ನು ಕರ್ಚೀಫಿನಲ್ಲಿ ಸುತ್ತಿ ಮನೆಗೆ ಕೊಂಡುಹೋದ. ಬೈದಿದ್ದರೆ ನಮಗೆ ಎಷ್ಟೋ ಸಮಾಧಾನ ಇರುತ್ತಿತ್ತು.

ರಾತ್ರಿ ಕೂತು ಲೆಕ್ಕ ಹಾಕಿದೆವು, ಮೊದಲೇ ಹಾಕಬೇಕಾಗಿದ್ದ ಲೆಕ್ಕ. 10×4.5 ಅಂದರೆ ಅಡ್ಡಳತೆ 10 ಇಂಚು. ಒಂದು ಸುತ್ತಿಗೆ 4.5 ಇಂಚು ಮುಂದೆ ಹೋಗುವಷ್ಟು ಓರೆ, ಮರಕ್ಕೆ ಸ್ಕ್ರೂ ಇಳಿದ ಹಾಗೆ. ಇದಕ್ಕೆ ಪಿಚ್ ಎನ್ನುತ್ತಾರೆ. ವೇಗ ಅಷ್ಟೇ ಇದ್ದರೆ ಮೋಟಾರಿನ ಹೊರೆ ಹೆಚ್ಚುಕಡಿಮೆ ಅಡ್ಡಳತೆಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಪಿಚ್ಚಿಗೆ ತಕ್ಕಂತೆ ಬೇರೆ. ಒಂದೇ ಇಂಚು ತಾನೇ ಅಂದುಕೊಂಡ ನಾವು ಎರಡು ಪಟ್ಟಿಗೂ ಮಿಕ್ಕಿದ ಹೊರೆ ಹೇರಿದ್ದೆವು.

ಆರು ಜನ ದುಡ್ಡು ಹಾಕಿ ಅಂಥದ್ದೇ ಮೋಟಾರು ತರಿಸಿದೆವು. ಈ ಸಲ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಗೆ ವಿಮಾನ ಕಟ್ಟಿ ಪರೀಕ್ಷೆ ಮಾಡಿದೆವು. 10×4.5 ಸುಮಾರು 800 ಗ್ರಾಂ ಎಳೆಯಿತು, 8×6 ಅದಕ್ಕಿಂತ ಕಡಿಮೆ. ಆದರೆ ಕಟ್ಟಿಹಾಕಿದ ವಿಮಾನದ ಎಳೆತವೇ ಬೇರೆ, ಹಾರುವಾಗಿನದೇ ಬೇರೆ. ನಿಮಿಷಕ್ಕೆ 8,000 ಸುತ್ತು ಎಂದಿಟ್ಟುಕೊಂಡರೆ 4.5 ಪಿಚ್ಚಿಗೆ ಗಂಟೆಗೆ 55 ಕಿ.ಮೀ. ಆಗುತ್ತದೆ. ಆ ವೇಗ ಹತ್ತಿರವಾದಂತೆ ಎಳೆತ ಇಳಿಯುತ್ತದೆ. ನಮ್ಮದು ನಿಧಾನದ ವಿಮಾನ, ಅಷ್ಟು ಧಾರಾಳ ಸಾಕು. ಓಡುವ ವಿಮಾನವಾಗಿದ್ದರೆ 8×6 ಗೆಲ್ಲುತ್ತಿತ್ತು. ಹುಡುಗ ಮೊದಲೇ ಹೇಳಿದ್ದೇ ಸರಿ.

ಮನುಷ್ಯರು ಕೂರುವ, ಮನೆಯಲ್ಲೇ ಕಟ್ಟುವ ಸಣ್ಣ ವಿಮಾನಗಳಿಗೂ ಇದೇ ತಲೆನೋವು. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಶಕ್ತಿ ಉಳಿಯುತ್ತದೆ. ಆದ್ದರಿಂದ ದೊಡ್ಡದು, ನಿಧಾನದ್ದು ಒಳ್ಳೆಯದು. ಆದರೆ ರೋಟಾಕ್ಸ್ 912 ಯುಎಲ್‌ಎಸ್ ಎಂಜಿನ್ 5,800 ಸುತ್ತು ತಿರುಗುತ್ತದೆ. 1.7 ಮೀಟರ್ ಪ್ರೊಪೆಲ್ಲರನ್ನು ನೇರ ಜೋಡಿಸಿದರೆ ಅದರ ತುದಿ ಶಬ್ದದ ವೇಗವನ್ನೇ ಮೀರಿ, ಶಕ್ತಿಯೆಲ್ಲ ಗದ್ದಲಕ್ಕೆ ಹೋದೀತು. ಅದಕ್ಕೇ 2.43ಕ್ಕೆ ಒಂದರಂತೆ ವೇಗ ಇಳಿಸುವ ಗೇರು. ರೈಟ್ ಸಹೋದರರು 1903ರಲ್ಲೇ ಸೈಕಲ್ ಚೈನಿನಂಥ ಚೈನಿನಿಂದ ಎಂಜಿನ್ನಿನ ವೇಗ ಇಳಿಸಿ, ಎಂಟೂವರೆ ಅಡಿಯ ಎರಡು ಪ್ರೊಪೆಲ್ಲರ್ ತಿರುಗಿಸಿದ್ದರು. ಹಡಗು ಕಟ್ಟುವವರ ಪುಸ್ತಕದಲ್ಲಿ ಲೆಕ್ಕ ಸಿಕ್ಕೀತೆಂದು ಹುಡುಕಿ, ಸಿಗದೆ, ಪ್ರೊಪೆಲ್ಲರ್ ಅಂದರೆ ತಿರುಗುವ ರೆಕ್ಕೆ ಎಂದು ತಾವೇ ಲೆಕ್ಕ ಕಟ್ಟಿದರು. ಅಣ್ಣ ತಮ್ಮ ಜಗಳವಾಡಿ ಆಡಿ, ಕೊನೆಗೆ ಒಬ್ಬರ ವಾದ ಇನ್ನೊಬ್ಬರು ಹಿಡಿದಿರುತ್ತಿದ್ದರಂತೆ! (ಅವರ ತಂದೆ ಬಿಷಪ್. ಮನೆಯಲ್ಲಿ ವಾದಕ್ಕೆ ಅಡ್ಡಿ ಇರಲಿಲ್ಲ.)

ಭಾನುವಾರ ಪೂಜೆ ಮುಗಿಸಿ ಮುರಕಲ್ಲಿನ ಗುಡ್ಡೆಗೆ ಹೋದೆವು. ರಿಮೋಟು ಹುಡುಗನ ಕೈಯಲ್ಲಿ. ವಿಮಾನ ಎರಡು ಸುತ್ತು ಹಾರಿ ಅಡಿಕೆ ತೋಟಕ್ಕೆ ಬಿತ್ತು. ಮೋಟಾರು ಬೆಚ್ಚಗಿತ್ತು, ಅಷ್ಟೇ.

ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದ ಅಣ್ಣ ಕೇಳಿದ: "ನಾನು ಕಳಿಸಿದ ಮೋಟಾರಲ್ವಾ ಅದು?"

ನಾವು ಮುಖ ಮುಖ ನೋಡಿಕೊಂಡೆವು. ಹುಡುಗ ಫೋನನ್ನು ನಮ್ಮ ಕಡೆ ತಿರುಗಿಸಿ, "ಅಲ್ಲ ಅಣ್ಣ, ಅದನ್ನು ಇವರು ಸುಟ್ಟರು. ಕೇಳು" ಅಂದ.