ವಿನೋದಪುರಿಯ ಬಸ್ಸುಗಳು

ಅಮೆರಿಕಾ ಸಂಯುಕ್ತ ಸಂಸ್ಥಾನದ ಆಗ್ನೇಯದಲ್ಲಿ, ಸಮುದ್ರದೊಳಕ್ಕೆ ಚಾಚಿದ ನಾಲಗೆಯಂತೆ ಫ್ಲಾರಿಡಾ ಎಂಬ ಪ್ರಾಂತವಿದೆ. ಅದರ ನಡುಭಾಗದಲ್ಲಿ, ಒರ್ಲಾಂಡೋ ನಗರಕ್ಕೆ ನೈಋತ್ಯವಾಗಿ, ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ಲೋಕಪ್ರಸಿದ್ಧವಾದ ವಿನೋದಪುರಿಯುಂಟು. ಅಲ್ಲಿಯ ಅರಮನೆ, ಬಾಣಬಿರುಸು, ವೇಷಧಾರಿಯಾದ ಇಲಿರಾಯ ಮೊದಲಾದವುಗಳ ವರ್ಣನೆಯನ್ನು ವಾಚಕರು ತಮ್ಮ ಮನೆಯ ಮಕ್ಕಳಿಂದಲೇ ಕೇಳಿರಬಹುದು. ನಾನು ಇಲ್ಲಿ ಹೇಳಹೊರಟಿರುವುದು ಆ ಪುರಿಯಲ್ಲಿ ನೋಟಕರ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ವಸ್ತುವನ್ನು ಕುರಿತು. ಅಲ್ಲಿಯ ಬಸ್ಸುಗಳನ್ನು ಕುರಿತು.

ಮೊದಲು ಆ ಸ್ಥಳದ ವಿಸ್ತಾರವನ್ನು ತಿಳಿಯಬೇಕು. ಅದು ಸುಮಾರು 40 ಚದರ ಮೈಲಿಗಳ ಭೂಮಿ. ಅದರಲ್ಲಿ ನಾಲ್ಕು ಮಹೋದ್ಯಾನಗಳಿವೆ: 1971ರ ಅಕ್ಟೋಬರ್ 1ರಂದು ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರಲ್ಲಿ ತೆರೆದ ಎಪ್ಕಾಟ್, 1989ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಗಿ ಈಗ ಹಾಲಿವುಡ್ ಸ್ಟುಡಿಯೋಸ್ ಎನ್ನಿಸಿಕೊಂಡಿರುವುದು, 1998ರಲ್ಲಿ ತೆರೆದ ಆನಿಮಲ್ ಕಿಂಗ್‌ಡಮ್. ಇವಲ್ಲದೆ ಎರಡು ಜಲಕ್ರೀಡಾಸ್ಥಾನಗಳು, ಡಿಸ್ನಿ ಸ್ಪ್ರಿಂಗ್ಸ್ ಎಂಬ ದೊಡ್ಡ ಪೇಟೆ, ಇಪ್ಪತ್ತಕ್ಕೂ ಹೆಚ್ಚು ವಸತಿಗೃಹಗಳು. ಇವು ಒಂದರ ಪಕ್ಕದಲ್ಲೊಂದು ಇರುವುವೆಂದು ಭಾವಿಸಬಾರದು. ನಡುವೆ ಕಾಡು, ಜೌಗು, ಕೆರೆ, ಹೆದ್ದಾರಿಗಳು. ಬಹುಪಾಲು ಸ್ಥಳಗಳು ಕಾಲುನಡೆಗೆ ನಿಲುಕತಕ್ಕವಲ್ಲ.

ಈ ಪುರಿಯನ್ನು ಸಂಕಲ್ಪಿಸಿದ ವಾಲ್ಟ್ ಡಿಸ್ನಿಯವರು ಸಂಚಾರದ ವಿಷಯದಲ್ಲಿ ಬಹಳ ಚಿಂತಿಸಿದ್ದವರು. ಇಪ್ಪತ್ತು ಸಾವಿರ ಜನರು ವಾಸಿಸುವ ಒಂದು ಮಾದರಿ ನಗರವನ್ನು ಇಲ್ಲಿ ಕಟ್ಟಬೇಕೆಂದೂ, ಮೋಟಾರುಗಳೂ ಲಾರಿಗಳೂ ನೆಲದಡಿಯಲ್ಲಿ ಓಡಬೇಕೆಂದೂ, ಜನರು ಏಕಹಳಿಯ ರೈಲಿನಲ್ಲಿಯೂ ನಿಲ್ಲದೆ ಸಾಗುವ ಸಣ್ಣ ಬಂಡಿಗಳಲ್ಲಿಯೂ ಸಂಚರಿಸಬೇಕೆಂದೂ 1966ರಲ್ಲಿ ಒಂದು ಚಲಚ್ಚಿತ್ರವನ್ನೇ ಮಾಡಿ ವಿವರಿಸಿದರು. ಅದೇ ವರ್ಷ ಡಿಸೆಂಬರ್ 15ರಂದು ಅವರು ತೀರಿಕೊಂಡರು. ಅಣ್ಣ ರಾಯ್ ಡಿಸ್ನಿಯವರು ವಿನೋದಪುರಿಯನ್ನು ಪೂರ್ಣಗೊಳಿಸಿದರು. ಆ ಮಾದರಿ ನಗರ ಮಾತ್ರ ಆಗಲಿಲ್ಲ. ಏಕಹಳಿಯ ರೈಲು ಬಂದಿತು. ಅದು ಒಂದು ವಸತಿಗೃಹದ ಒಳಗಿಂದಲೇ ಹಾದುಹೋಗುವುದನ್ನು ನೋಡಿದರೆ ಯಾರಿಗಾದರೂ ಆಶ್ಚರ್ಯವಾಗುವುದು. ಆದರೆ ಅದರ ಮಾರ್ಗ ಸುಮಾರು 15 ಮೈಲಿಗಳಷ್ಟು ಮಾತ್ರ. ಅದು ಮುಟ್ಟುವುದು ಎರಡು ಉದ್ಯಾನಗಳನ್ನು, ಮೂರು ವಸತಿಗೃಹಗಳನ್ನು. 2019ರಲ್ಲಿ ತಂತಿಯ ಮೇಲೆ ತೂಗುತ್ತ ಸಾಗುವ ತೊಟ್ಟಿಲುಗಳು ಬಂದುವು. ಅವೂ ಕೆಲವು ಕಡೆಗೆ ಮಾತ್ರ. ಆನಿಮಲ್ ಕಿಂಗ್‌ಡಮ್ಮಿಗಂತೂ ರೈಲೂ ಇಲ್ಲ, ದೋಣಿಯೂ ಇಲ್ಲ, ತೊಟ್ಟಿಲೂ ಇಲ್ಲ, ರಸ್ತೆಯೊಂದೇ ಗತಿ.

ಉಳಿದ ಹೊರೆಯನ್ನೆಲ್ಲ ಹೊತ್ತಿರುವುದು ಬಸ್ಸು. ಅಲ್ಲಿ ನಾನೂರರ ಸಮೀಪ ಬಸ್ಸುಗಳಿವೆ. ಕೆಲವು ಎರಡು ಗಾಡಿಗಳನ್ನು ನಡುವೆ ಮಡಿಕೆಯ ಚರ್ಮದಿಂದ ಜೋಡಿಸಿದಂತೆ ಉದ್ದವಾಗಿರುವುವು. ಉದ್ಯಾನಗಳು ತೆರೆಯುವ ಮೊದಲೇ ಓಡಲು ಹೊರಟು, ಮುಚ್ಚಿದ ಮೇಲೂ ಬಹಳ ಹೊತ್ತು ಓಡುವುವು. ಹಣೆಯ ಮೇಲೆ ಹೋಗತಕ್ಕ ಸ್ಥಳದ ಹೆಸರು ದೀಪಾಕ್ಷರಗಳಲ್ಲಿ ಬರುವುದು. ಯಾವ ಬಸ್ಸು ಎಲ್ಲಿದೆ ಎಂಬುದು ಉಪಗ್ರಹದ ನೆರವಿನಿಂದ ವ್ಯವಸ್ಥಾಪಕರಿಗೆ ತಿಳಿಯುತ್ತಿರುವುದು. ಜನ ಹೆಚ್ಚಿದ ಕಡೆಗೆ ಇನ್ನೊಂದನ್ನು ಕಳುಹಿಸುವರು. ಕಂಡಕ್ಟರನೂ ಇಲ್ಲ, ಟಿಕೆಟೂ ಇಲ್ಲ. ಇನ್ನೊಂದು ಸ್ವಾರಸ್ಯವುಂಟು. ಸ್ವಂತ ಮೋಟಾರಿನಲ್ಲಿ ಮ್ಯಾಜಿಕ್ ಕಿಂಗ್‌ಡಮ್ಮಿಗೆ ಬಂದವನು ಕೆರೆಯ ಈಚೆಯಲ್ಲೇ ಅದನ್ನು ನಿಲ್ಲಿಸಿ, ಹಡಗನ್ನೋ ರೈಲನ್ನೋ ಹತ್ತಿ ಆಚೆಗೆ ಹೋಗಬೇಕು. ವಸತಿಗೃಹದ ಬಸ್ಸಿನಲ್ಲಿ ಬಂದವನಾದರೋ ನೇರವಾಗಿ ಬಾಗಿಲ ಬಳಿಯೇ ಇಳಿಯುವನು.

ಮೂವತ್ತು ವರ್ಷ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನಿಗೆ ಇಲ್ಲಿ ವ್ಯಾಕರಣದ ನೆನಪಾಗದೆ ಇರದು. ಫ್ರಾನ್ಸ್ ದೇಶದಲ್ಲಿ 1820ರ ದಶಕದಲ್ಲಿ, ಕಾಸು ಕೊಟ್ಟು ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗಳಿಗೆ ‘ಆಮ್ನಿಬಸ್’ ಎಂದು ಹೆಸರಿಟ್ಟರು. ಅದು ಲ್ಯಾಟಿನ್ ಭಾಷೆಯ ಚತುರ್ಥೀ ಬಹುವಚನ. ‘ಎಲ್ಲರಿಗಾಗಿ’ ಎಂದು ಅರ್ಥ. ನಮ್ಮ ‘ಸರ್ವೇಭ್ಯಃ’ ಎಂಬ ರೂಪಕ್ಕೆ ಅದು ಸರಿಸಮ. ಅಲ್ಲಿಯ ‘ಬಸ್’ ಪ್ರತ್ಯಯವೂ ಇಲ್ಲಿಯ ‘ಭ್ಯಃ’ ಪ್ರತ್ಯಯವೂ ದೂರದ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಕಾಲಕ್ರಮದಲ್ಲಿ ಜನರು ಪ್ರಕೃತಿಯನ್ನು ಬಿಟ್ಟು ಪ್ರತ್ಯಯವೊಂದನ್ನೇ ಉಳಿಸಿಕೊಂಡರು. ‘ಎಲ್ಲರು’ ಎಂಬ ಭಾಗ ಉದುರಿಹೋಗಿ ‘ಗಾಗಿ’ ಎಂಬುದಷ್ಟೇ ಈಗ ನಮ್ಮ ಬೀದಿಗಳಲ್ಲಿ ಓಡುತ್ತಿದೆ!

ಈ ಉದುರಿದ ಭಾಗವನ್ನು ನಾನು ಫ್ಲಾರಿಡಾದಲ್ಲಿ ಮತ್ತೆ ಕಂಡೆನು. ಮಗಳು ಅಳಿಯಂದಿರ ಒತ್ತಾಯಕ್ಕಾಗಿ ನಾವು ಅಲ್ಲಿಗೆ ಹೋದಾಗ ನನ್ನ ಮನೆಯವರಿಗೆ ಮಂಡಿನೋವು ಬಲವಾಗಿದ್ದು, ಚಕ್ರದ ಕುರ್ಚಿಯಿಲ್ಲದೆ ಹತ್ತು ಮಾರು ನಡೆಯಲಾಗುತ್ತಿರಲಿಲ್ಲ. “ನೀವೆಲ್ಲ ಹೋಗಿ ಬನ್ನಿ, ನಾನು ಕೋಣೆಯಲ್ಲಿ ಕುಳಿತು ಸ್ತೋತ್ರ ಹೇಳಿಕೊಂಡಿರುತ್ತೇನೆ” ಎಂದು ಮೊದಲ ದಿನವೇ ಹೇಳಿಬಿಟ್ಟರು. ಮಕ್ಕಳ ಮುಖ ಬಾಡಿತು. “ನಿಲ್ದಾಣದವರೆಗಾದರೂ ಬಾಮ್ಮ” ಎಂದು ಮಗಳು ಹೊರಡಿಸಿದಳು. ಅಲ್ಲಿ ಆಗಲೇ ಮೂವತ್ತು ನಲವತ್ತು ಜನ ಸಾಲಾಗಿ ನಿಂತಿದ್ದರು. ಬಸ್ಸು ಬಂದಿತು, ಚಾಲಕಿ ನಮ್ಮ ವಯಸ್ಸಿನವರೇ ಆದ ಹೆಂಗಸು. ಆಕೆ ಒಂದು ಗುಂಡಿಯನ್ನೊತ್ತಲು, ಬಸ್ಸು ನಿಟ್ಟುಸಿರು ಬಿಟ್ಟಂತೆ ಸದ್ದುಮಾಡಿ ನಮ್ಮ ಕಡೆಗೆ ಮೈತಗ್ಗಿಸಿತು. ಬಾಗಿಲಿನಿಂದ ಒಂದು ಹಲಗೆ ಮಗುಚಿ ನೆಲಕ್ಕೆ ಇಳಿಯಿತು. ಕುರ್ಚಿ ಅದರ ಮೇಲೆ ಉರುಳಿ ಒಳಗೆ ಹೋಯಿತು. ಚಾಲಕಿ ಬಗ್ಗಿ, ನೆಲದ ಕೊಕ್ಕೆಗಳಿಗೆ ನಾಲ್ಕು ಪಟ್ಟಿಗಳಿಂದ ಅದನ್ನು ಬಿಗಿದು, ಎರಡು ಸಲ ಎಳೆದು ನೋಡಿ, “ಸರಿಯಾಯಿತೇ, ಅಮ್ಮಾ?” ಎಂಬ ಅರ್ಥದ ಮಾತನ್ನು ತಮ್ಮ ಭಾಷೆಯಲ್ಲಿ ಕೇಳಿದರು. ಇದಕ್ಕೆ ಐದು ನಿಮಿಷ ಹಿಡಿದಿರಬೇಕು. ಬಿಸಿಲಿನಲ್ಲಿ ನಿಂತ ಸಾಲು ಅಷ್ಟು ಹೊತ್ತೂ ಕಾದಿತು, ಯಾರೂ ಗೊಣಗಲಿಲ್ಲ. ನಮ್ಮವರು ಆ ದಿನ ರಾತ್ರಿಯ ಬಾಣಬಿರುಸಿನವರೆಗೂ ಮೊಮ್ಮಕ್ಕಳ ಜೊತೆಯಲ್ಲಿದ್ದರು. ಮರುದಿನ ಎಲ್ಲರಿಗಿಂತ ಮೊದಲು ಸೀರೆಯುಟ್ಟು ಸಿದ್ಧರಾಗಿದ್ದವರು ಅವರೇ.

ಇದು ಆ ಚಾಲಕಿಯ ಸೌಜನ್ಯವೊಂದರಿಂದಲೇ ಆದುದಲ್ಲ. 1990ರಲ್ಲಿ ಅಮೆರಿಕಾ ದೇಶವು ಅಂಗವೈಕಲ್ಯವುಳ್ಳವರ ಹಕ್ಕುಗಳಿಗಾಗಿ ಒಂದು ಶಾಸನವನ್ನು ಮಾಡಿ, ಜನರನ್ನು ಸಾಗಿಸುವ ವಾಹನಗಳಲ್ಲಿ ಇಂಥ ಅನುಕೂಲಗಳಿರಬೇಕೆಂದು ವಿಧಿಸಿತು. ನಮ್ಮ ದೇಶದಲ್ಲಿಯೂ 2016ರಲ್ಲಿ ಇದೇ ಉದ್ದೇಶದ ಶಾಸನವಾಗಿದೆ. ಕಾಗದದ ಮೇಲಿನ ಮಾತು ಹಲಗೆಯಾಗಿ, ಪಟ್ಟಿಯಾಗಿ, ಕಾಯುವ ಸಾಲಿನ ತಾಳ್ಮೆಯಾಗಿ ಇಳಿದುಬಂದರೆ ಒಂದು ಕುಟುಂಬಕ್ಕೆ ಎಷ್ಟು ಉಪಕಾರವೆಂಬುದನ್ನು ಕಣ್ಣಾರೆ ಕಂಡೆನು.

ಅಲ್ಲಿ ಎಲ್ಲವೂ ನಿರ್ದೋಷವೆಂದು ಹೇಳಲಾರೆ. ಟಿಕೆಟಿಲ್ಲವೆಂದ ಮಾತ್ರಕ್ಕೆ ಬಿಟ್ಟಿಯೆಂದು ತಿಳಿಯಬಾರದು. ವಸತಿಗೃಹದ ಬಾಡಿಗೆ ಅಲ್ಪವಲ್ಲ, ಬಸ್ಸಿನ ವೆಚ್ಚ ಅದರೊಳಗೇ ಅಡಗಿದೆ. ವಿಮಾನ ನಿಲ್ದಾಣದಿಂದ ವಸತಿಗೃಹಕ್ಕೆ 2005ರಿಂದ ಹಣವಿಲ್ಲದೆ ಓಡುತ್ತಿದ್ದ ಬಸ್ಸುಗಳು 2022ರ ಜನವರಿಯಲ್ಲಿ ನಿಂತುಹೋದುವು. ಈಗ ಆ ಪ್ರಯಾಣಕ್ಕೆ ಬೇರೆ ಹಣ ತೆರಬೇಕು. ರಾತ್ರಿ ಬಾಣಬಿರುಸು ಮುಗಿದೊಡನೆ ಸಹಸ್ರಾರು ಜನರು ಒಮ್ಮೆಗೇ ನಿಲ್ದಾಣಕ್ಕೆ ನುಗ್ಗುವುದರಿಂದ ದೀರ್ಘವಾಗಿ ಕಾಯಬೇಕಾಗುವುದು. ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ನಿಂತ ತಂದೆಯರ ಸಾಲನ್ನು ನೋಡಿದರೆ ಮರುಕವಾಗುವುದು.

ಮಕ್ಕಳ ಬಳಿಗೆ ಅಮೆರಿಕಾಕ್ಕೆ ಹೋಗತಕ್ಕ ವಾಚಕರಿಗೆ ಒಂದೆರಡು ಮಾತು. ಒಂದು ವಸತಿಗೃಹದಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ನೇರವಾದ ಬಸ್ಸಿಲ್ಲ; ಯಾವುದಾದರೊಂದು ಉದ್ಯಾನಕ್ಕೋ ಪೇಟೆಗೋ ಹೋಗಿ ಬದಲಾಯಿಸಬೇಕು. ಬೆಳಿಗ್ಗೆ ಮುಂಚಿತವಾಗಿ ಹೊರಟು, ರಾತ್ರಿ ಜನಸಂದಣಿಗೆ ಮೊದಲೇ ಮರಳುವುದು ಹಿರಿಯರಿಗೆ ಹಿತ. ನೀರೂ ಒಂದು ಶಾಲೂ ಕೈಯಲ್ಲಿರಲಿ. ಹೊರಗೆ ಸೆಕೆಯಿದ್ದರೂ ಬಸ್ಸಿನೊಳಗೆ ಚಳಿ. ಮನೆಯ ಹಿರಿಯರು “ನಾನು ಬರುವುದಿಲ್ಲ, ನಿಮಗೆ ತೊಂದರೆ” ಎಂದರೆ ಆ ಮಾತನ್ನು ಅಲ್ಲಿಗೇ ಒಪ್ಪಿಬಿಡಬೇಡಿ. ನಿಲ್ದಾಣದವರೆಗೆ ಕರೆದುಕೊಂಡು ಹೋಗಿ, ಬಸ್ಸು ಬರುವವರೆಗೆ ಅವರ ಪಕ್ಕದಲ್ಲಿ ನಿಂತುಕೊಳ್ಳಿ.