ಅಪ್ಪೆಮಿಡಿಯ ಬೆನ್ನು ಹತ್ತಿ

ಪರಊರಿಗೆ ಹೋದವರು ಗುಡಿಗೋಪುರಗಳನ್ನು ನೋಡುತ್ತಾರೆ. ನಾನು ದಿನಸಿ ಅಂಗಡಿಗಳನ್ನು ನೋಡುತ್ತೇನೆ. ಇದು ನಾಲಗೆಯ ಚಾಪಲ್ಯವೆಂದು ನನ್ನ ಶ್ರೀಮತಿಯ ಆಕ್ಷೇಪಣೆ. ಒಂದೂರಿನ ಜನ ಏನನ್ನು ಉಣ್ಣುತ್ತಾರೆಂಬುದನ್ನು ಅರಿಯದೆ ಆ ಊರನ್ನು ಕಂಡೆವೆನ್ನುವುದು ಹೇಗೆಂದು ನನ್ನ ಸಮಾಧಾನ. ಆದರೆ ಕಳೆದ ಮಾರ್ಚಿಯಲ್ಲಿ ನಾನು ಶಿರಸಿಗೆ ಹೊರಟಾಗ ಆಕೆ ಆಕ್ಷೇಪಿಸಲಿಲ್ಲ. ತಾನೇ ಚೀಲವನ್ನು ತಂದುಕೊಟ್ಟಳು.

ಕಾರಣವಿತ್ತು. ನನ್ನ ತಾಯಿ ಹುಟ್ಟಿದ್ದು ಅಘನಾಶಿನಿಯ ದಡದ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಬಯಲುಸೀಮೆಗೆ ಬಂದು ಐವತ್ತು ವರ್ಷಗಳಾದವು. ಮಳೆಗಾಲದಲ್ಲಿ ಬಂದ ದೀರ್ಘ ಜ್ವರ ಇಳಿದ ಮೇಲೂ ಅವರಿಗೆ ಬಾಯಿರುಚಿ ಮರಳಲಿಲ್ಲ. “ಗಂಜಿಗೆ ಒಂದು ಅಪ್ಪೆಮಿಡಿ ಇದ್ದಿದ್ದರೆ” ಎಂದರು. ಪೇಟೆಯಿಂದ ಒಂದು ಶೀಸೆ ಉಪ್ಪಿನಕಾಯಿ ತಂದೆ. ನಾಲಗೆಗೆ ಮುಟ್ಟಿಸಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಇದು ಬರಿಯ ಮಾವು ಕಣಪ್ಪ, ಅಪ್ಪೆಯಲ್ಲ” ಎಂದರು. ಕನ್ನಡದಲ್ಲಿ ಎಂ.ಎ. ಮಾಡಿದ ನನಗೆ ಆ ಎರಡು ಪದಗಳ ನಡುವಣ ಅಂತರ ತಿಳಿದಿರಲಿಲ್ಲ.

ಶಿರಸಿಯಲ್ಲಿ ಮಾರಿಕಾಂಬೆಯ ದರ್ಶನ ಮಾಡಿ ಪೇಟೆಬೀದಿಗೆ ಇಳಿದೆ. ಚಿಕ್ಕದೊಂದು ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಡಬ್ಬಗಳಲ್ಲಿ ಜೋನಿಬೆಲ್ಲ, ಅಚ್ಚಿಗೆ ಒಗ್ಗದೆ ಜೇನಿನಂತೆ ಹರಿಯುವ ಈ ಬೆಲ್ಲವಿಲ್ಲದೆ ಇಲ್ಲಿಯವರಿಗೆ ದೋಸೆ ಇಳಿಯದು. ಪಕ್ಕದಲ್ಲಿ ಒಣಗಿದ ಮುರುಗಲು ಸಿಪ್ಪೆ. ಕೊಂಕಣಿಗರು ಕೋಕಂ ಎಂದೂ ತುಳುವರು ಪುನರ್ಪುಳಿ ಎಂದೂ ಕರೆಯುವುದು ಇದನ್ನೇ. ಅಂಗಡಿಯ ಯಜಮಾನರು ಅದರ ಪಾನಕವನ್ನು ಲೋಟದಲ್ಲಿ ಕೊಟ್ಟರು. ಮಾಣಿಕ್ಯದ ಬಣ್ಣ, ಹುಳಿಯೊಳಗೆ ಅಡಗಿದ ತಂಪು. ಇದರ ಬೀಜದಿಂದ ತುಪ್ಪವನ್ನೂ ತೆಗೆಯುತ್ತಾರೆ. ಒಡೆದ ಹಿಮ್ಮಡಿಗೆ ಅದು ಮದ್ದು.

ಇನ್ನೊಂದು ಅಚ್ಚರಿ ತೊಡೆದೇವು. ಅಕ್ಕಿಯನ್ನು ನೆನೆಸಿ, ಕಬ್ಬಿನ ಹಾಲಿನೊಡನೆ ನುಣ್ಣಗೆ ಅರೆದು, ಒಲೆಯ ಮೇಲೆ ಬೋರಲಾಗಿಟ್ಟ ಮಡಕೆಯ ಬೆನ್ನಿಗೆ ಬಟ್ಟೆಯಿಂದ ತೊಡೆಯುತ್ತಾರೆ. ಕ್ಷಣದಲ್ಲಿ ಅದು ಬೆಂದು ಕಾಗದಕ್ಕಿಂತ ತೆಳುವಾಗಿ ಏಳುತ್ತದೆ. ಬಿಸಿಯಿರುವಾಗಲೇ ಮಡಿಚಬೇಕು, ಆರಿದರೆ ಮುರಿಯುವುದು. ತೊಡೆ ಎಂದರೆ ಸವರು, ಲೇಪಿಸು. ತರಗತಿಯಲ್ಲಿ ಹಳಗನ್ನಡದ ಕ್ರಿಯಾಪದವೆಂದು ನಾನು ವಿವರಿಸುವ ಮಾತು ಇಲ್ಲಿ ತುಪ್ಪ ಸವರಿಸಿಕೊಂಡು ಬಾಯಿಯೊಳಗೆ ಕರಗಿತು.

“ಅಪ್ಪೆಮಿಡಿ ಇದೆಯೇ?” ಎಂದೆ.

“ಯಾವ ಮರದ್ದು ಬೇಕು, ಮಾಸ್ತರೇ?” ಎಂದರು ಯಜಮಾನರು.

ಮರಕ್ಕೊಂದು ರುಚಿಯೆಂದು ನನಗೆ ತಿಳಿದದ್ದು ಆಗ. ಅವರು ಮೂರು ಮಿಡಿಗಳನ್ನು ತಂದು ಒಂದೊಂದರ ತೊಟ್ಟನ್ನೂ ಮುರಿದು ಮೂಗಿಗೆ ಹಿಡಿದರು. ಚಿಮ್ಮಿದ ಸೊನೆಯಲ್ಲಿ ಒಂದಕ್ಕೆ ಜೀರಿಗೆಯ ಕಂಪು, ಇನ್ನೊಂದಕ್ಕೆ ಕರ್ಪೂರದ್ದು. ಮೂರನೆಯದಕ್ಕೆ ಹೆಸರಿಡಲು ನನ್ನಿಂದಾಗಲಿಲ್ಲ. ಉಪ್ಪಿನಲ್ಲಿ ವರ್ಷಗಟ್ಟಲೆ ಕುಳಿತರೂ ಈ ಕಂಪು ಮಾಸುವುದಿಲ್ಲ. ಮಿಡಿಯನ್ನು ಮಾರುವುದು ತೂಕದಿಂದಲ್ಲ, ಎಣಿಕೆಯಿಂದ. ಬೆಲೆ ಕೇಳಿ ನಾನು ಚೌಕಾಸಿಗೆ ತೊಡಗಿದೆ.

ಯಜಮಾನರು ಕೋಪಿಸಿಕೊಳ್ಳಲಿಲ್ಲ. ಹೊಳೆಯ ದಡದ ಹೆಮ್ಮರವನ್ನು ಹತ್ತಿ, ತೊಟ್ಟು ಕಳಚದಂತೆ ಒಂದೊಂದನ್ನೂ ಬಿಡಿಸಿ, ಬುಟ್ಟಿಯನ್ನು ಹಗ್ಗದಿಂದ ಇಳಿಸಬೇಕೆಂದರು. ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆತು ಉಳಿದವನ್ನೂ ಕೆಡಿಸುತ್ತದೆ. ಈ ಶ್ರಮಕ್ಕೆ ಬೇಸತ್ತು ಕೊಂಬೆಗಳನ್ನೇ ಕಡಿದು ಕೆಡಹುವವರಿದ್ದಾರೆ. ಆ ವರ್ಷ ಫಸಲು ಸಿಕ್ಕುತ್ತದೆ, ಮರ ಹೋಗುತ್ತದೆ. ಬೀಜ ನೆಟ್ಟರೆ ತಾಯಿಮರದ ಕಂಪು ಬರುವ ಭರವಸೆಯಿಲ್ಲ. ಕಸಿ ಕಟ್ಟಿದರೆ ಮಾತ್ರ ಆ ರುಚಿ ಉಳಿಯುತ್ತದೆ. ಚೌಕಾಸಿಯನ್ನು ನಾನು ಅಲ್ಲಿಗೇ ಬಿಟ್ಟೆ.

ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆ ಮನ್ನಣೆ ಹೆಸರನ್ನು ಕಾಯುತ್ತದೆ, ಸರಿ. ಮರವನ್ನು ಕಾಯುವವರು ಯಾರು? 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಶರಾವತಿಯ ದಡದ ಕಾಡನ್ನು ನುಂಗಿತು. ನೀರು ನುಂಗದ ಕಡೆ ಕೊಡಲಿಯಿದೆ.

ತಾಯಿಯ ತವರೂರಿನ ಹೆಸರು ಹೇಳಿದೆ. ಯಜಮಾನರ ಮುಖ ಅರಳಿ, ಮರುಕ್ಷಣವೇ ಬಾಡಿತು. “ಅಲ್ಲೊಂದು ಒಳ್ಳೆಯ ಮರವಿತ್ತು. ನಮ್ಮ ತಂದೆಯವರ ಕಾಲದಲ್ಲಿ ಅದರ ಮಿಡಿ ಈ ಅಂಗಡಿಗೇ ಬರುತ್ತಿತ್ತು. ಈಗ ಮರವಿಲ್ಲ. ಬೀಳುವ ಮುಂಚೆ ಯಾರೋ ಪುಣ್ಯಾತ್ಮರು ಕಸಿ ಕಟ್ಟಿದ್ದಾರೆ. ಗಿಡ ಎದೆಯೆತ್ತರವಾಗಿದೆ, ಇನ್ನೂ ಕಾಯಿ ಹಿಡಿದಿಲ್ಲ.”

ಜೀರಿಗೆ ಕಂಪಿನ ಹಸಿಮಿಡಿ ನೂರು, ಹಿಂದಿನ ವರ್ಷ ಉಪ್ಪಿನಲ್ಲಿ ಹಾಕಿಟ್ಟದ್ದು ಇಪ್ಪತ್ತು ಕೊಂಡು ಊರಿಗೆ ಮರಳಿದೆ. ತಾಯಿ ಹಸಿಮಿಡಿಯೊಂದರ ತೊಟ್ಟು ಮುರಿದು ಬಹಳ ಹೊತ್ತು ಮೂಗಿಗೆ ಹಿಡಿದಿದ್ದರು. “ನಮ್ಮ ಮರದ್ದಲ್ಲ” ಎಂದರು. ನನ್ನ ಮುಖ ಸಣ್ಣದಾದುದನ್ನು ಕಂಡಿರಬೇಕು. “ಆದರೆ ಅಪ್ಪೆಯೇ” ಎಂದು ಸೇರಿಸಿದರು. ಅಂದು ಉಪ್ಪುಮಿಡಿಯನ್ನು ಕಚ್ಚಿಕೊಂಡು ಒಂದು ಬಟ್ಟಲು ಗಂಜಿಯನ್ನು ಪೂರ್ತಿಯಾಗಿ ಉಂಡರು. ಮರುದಿನ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಿಡಿಗೆ ಉಪ್ಪು ಹಾಕಿಸಿದರು.

ಹಿಂದಿನ ಮರದ ಸುದ್ದಿಯನ್ನು ಹೇಳಲೋ ಬೇಡವೋ ಎಂದು ಎರಡು ದಿನ ಅನುಮಾನಿಸಿ, ಕೊನೆಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

“ಆ ಕಸಿಗಿಡ ಕಾಯಿ ಬಿಡುವುದು ಯಾವಾಗಂತೆ?”