ಬೆಸುಗೆಯ ಗುರುತು

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನ ಕಥೆಯನ್ನು ಹೇಳುತ್ತದೆ. ಐತಿಹ್ಯವಾದರೋ ಕದಂಬರ ಮೂಲಪುರುಷನನ್ನು ಮುಕ್ಕಣ್ಣನೆಂದು ಕರೆಯುತ್ತದೆ. ಮೂರು ಕಣ್ಣುಳ್ಳವನು ಯಾವನೋ ಅವನೇ ಮುಕ್ಕಣ್ಣ, ಬಹುವ್ರೀಹಿ ಸಮಾಸ. ಇಲ್ಲಿ ‘ಮೂರು’ ತನ್ನ ದೀರ್ಘವನ್ನು ಬಿಟ್ಟು ‘ಮು’ ಆಯಿತು, ಕಕಾರವು ಇಮ್ಮಡಿಸಿತು. ದೀರ್ಘವು ಹೋದರೂ, ಒತ್ತಕ್ಷರದ ಹಿಂದಿರುವುದರಿಂದ, ‘ಮು’ ಗುರುವಾಗಿಯೇ ಉಳಿಯಿತು. ಎರಡು ಪದಗಳು ಕೂಡಿದ ಬೆಸುಗೆಯ ಗುರುತು ಅಕ್ಷರದಲ್ಲಿಯೇ ಕಾಣುತ್ತದೆ.

ಇದನ್ನೇ ಆಂಗ್ಲರು ‘ಥ್ರೀ-ಐಡ್’ ಎನ್ನುತ್ತಾರೆ. ಬರಹದಲ್ಲಿ ಬೆಸುಗೆಗೆ ಒಂದು ಅಡ್ಡಗೆರೆ ಸಾಕು. ಆದರೆ ನಾಲಗೆಗೆ ಬೇಕಾದ ಗುರುತು ಅಲ್ಲಿಲ್ಲ. ಅದು ಒಂದು ಅಕ್ಷರವನ್ನು ಬಲವಾಗಿ ನುಡಿಯುವ ಸ್ವರಭಾರದಲ್ಲಿ ಅಡಗಿದೆ. ‘ವೆಲ್-ನೋನ್’ ಎಂಬ ವಿಶೇಷಣವು ವಾಕ್ಯದ ಕೊನೆಯಲ್ಲಿ ಬಂದರೆ ಭಾರವು ‘ನೋನ್’ ಮೇಲೆ. ‘ವೆಲ್-ನೋನ್ ಪೊಯೆಟ್’ ಎಂದಾಗ ‘ವೆಲ್’ ಮೇಲೆ. ‘ಪೊಯೆಟ್’ ಎಂಬುದರ ಮೊದಲಕ್ಷರಕ್ಕೂ ಭಾರವಿದೆಯಷ್ಟೆ. ಎರಡು ಭಾರಗಳು ಒಂದಕ್ಕೊಂದು ತಾಗದಂತೆ ‘ನೋನ್’ ಮೇಲಿನದು ಹಿಂದಕ್ಕೆ ಸರಿಯುತ್ತದೆ.

ಸೊರಬದ ಬಾಲಕನು ಎರಡನ್ನೂ ಸಮನಾಗಿ ಓದಿದರೆ ನಗುವವರುಂಟು. ಆ ನಗು ಸಲ್ಲದು. ಅವನು ಕನ್ನಡದ ತಕ್ಕಡಿಯಲ್ಲಿ ತೂಗುತ್ತಿರುತ್ತಾನೆ: ‘ವೆಲ್’ ಗುರು, ‘ನೋನ್’ ಗುರು. ಲೆಕ್ಕವೇನೋ ಸರಿ, ತಕ್ಕಡಿ ಬೇರೆ. ಕನ್ನಡದಲ್ಲಿ ಸ್ವರಭಾರವು ಪದದ ಅರ್ಥವನ್ನು ಕೆಡಿಸದು, ಇಂಗ್ಲಿಷಿನಲ್ಲಿ ಕೆಡಿಸೀತು. ಮೊದಲ ಪದವನ್ನು ಬಲವಾಗಿ ನುಡಿದರೆ ‘ಬ್ಲ್ಯಾಕ್‌ಬರ್ಡ್’ ಎಂಬುದು ಒಂದು ಹಕ್ಕಿಯ ಜಾತಿ. ಭಾರವನ್ನು ಎರಡನೆಯದಕ್ಕೆ ದಾಟಿಸಿದರೆ ಕಪ್ಪಾದ ಯಾವ ಹಕ್ಕಿಯೂ ಆದೀತು, ಸೊರಬದ ಅಂಗಳದ ಕಾಗೆಯೂ ಸೇರಿ.